ಸಮ್ಮರ್ ಪ್ರೋಗ್ರಾಂಗೆ ಒಬ್ಬಳೇ ಹೊರಟಿದ್ದೇನೆ: ಬೇರೆ ಬೇರೆ ಟಿಕೆಟ್ ಮಾಡಿಸಿದರೆ ತೊಂದರೆ ಇದೆಯಾ?

ಕಿಟಕಿ_ಸೀಟು:
ವಿದೇಶದ ಒಂದು ಯೂನಿವರ್ಸಿಟಿಯ ಸಮ್ಮರ್ ಪ್ರೋಗ್ರಾಂಗೆ ಸೀಟು ಸಿಕ್ಕಿದೆ. ಖುಷಿಯಾಗಿದೆ, ಆದರೆ ಪ್ರಯಾಣ ನೆನೆಸಿಕೊಂಡರೆ ತಲೆ ಕೆಡುತ್ತದೆ. ನೇರ ವಿಮಾನ ಇಲ್ಲ. ಪೂರ್ವಕ್ಕೆ 8 ಗಂಟೆ ಸಮಯದ ವ್ಯತ್ಯಾಸ. ಎರಡು ಬೇರೆ ಕಂಪನಿಗಳಲ್ಲಿ ಬೇರೆ ಬೇರೆ ಟಿಕೆಟ್ ತಗೊಂಡರೆ ದುಡ್ಡು ಸಾಕಷ್ಟು ಉಳಿಯುತ್ತದೆ, ಮಧ್ಯದಲ್ಲಿ ಎರಡೂವರೆ ಗಂಟೆ ಸಮಯವೂ ಇದೆ. ಭಾನುವಾರ ರಾತ್ರಿ ತಲುಪುತ್ತೇನೆ, ಸೋಮವಾರ ಬೆಳಗ್ಗೆ 9ಕ್ಕೆ ಮೊದಲ ಕ್ಲಾಸ್. ಇದು ನಡೆಯುತ್ತದಾ? ಹೋಗಿ ಬಂದವರು ಹೇಳಿ. "ಧೈರ್ಯವಾಗಿರು" ಅನ್ನುವವರು ಮನೆಯಲ್ಲೇ ಜಾಸ್ತಿ ಇದ್ದಾರೆ.

ಟ್ರಾನ್ಸಿಟ್_ಮಾಮ:
ಬೇಡ. ಎರಡೂವರೆ ಗಂಟೆ ಇಟ್ಟುಕೊಂಡು ಬೇರೆ ಬೇರೆ ಟಿಕೆಟ್ ಅಂತೂ ಬೇಡವೇ ಬೇಡ.

ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿತು ಅಂದುಕೊಳ್ಳಿ. ಒಂದೇ ಟಿಕೆಟ್ ಆಗಿದ್ದರೆ ಮುಂದಿನ ವಿಮಾನದಲ್ಲಿ ಕೂರಿಸುವ ಹೊಣೆ ಕಂಪನಿಯದು. ಬೇರೆ ಟಿಕೆಟ್ ಆದರೆ ಎರಡನೇ ಕಂಪನಿಯ ಲೆಕ್ಕದಲ್ಲಿ ನೀವು ಸುಮ್ನೆ ಬಾರದೇ ಇದ್ದ ಪ್ಯಾಸೆಂಜರ್. ಅದೇ ಟಿಕೆಟ್‌ನಲ್ಲಿ ವಾಪಸ್ ಬರುವ ಸೀಟೂ ಇದ್ದರೆ ಸಾಮಾನ್ಯವಾಗಿ ಅದೂ ರದ್ದಾಗುತ್ತದೆ. ಇದು ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ.

ಇನ್ನೊಂದು, ಬ್ಯಾಗ್. ಬೇರೆ ಟಿಕೆಟ್ ಅಂದರೆ ಸಾಮಾನ್ಯವಾಗಿ ಮಧ್ಯದ ಊರಿನಲ್ಲಿ ಚೆಕ್ ಇನ್ ಬ್ಯಾಗ್ ನೀವೇ ತಗೊಂಡು ಮತ್ತೆ ಕೌಂಟರಿಗೆ ಕೊಡಬೇಕು. ಬ್ಯಾಗ್ ಬೆಲ್ಟ್ ಇರುವುದು ಇಮಿಗ್ರೇಷನ್ ದಾಟಿದ ಮೇಲೆ. ಅಂದರೆ ಆ ದೇಶದ ಒಳಗೆ ಕಾಲಿಟ್ಟ ಹಾಗೇ ಲೆಕ್ಕ, ಅದಕ್ಕೆ ವೀಸಾ ಬೇಕಾಗಬಹುದು. ವೀಸಾ ಇಲ್ಲದಿದ್ದರೆ ಮೊದಲ ವಿಮಾನಕ್ಕೇ ಹತ್ತಿಸದೇ ಇರಬಹುದು. ಒಂದೇ ಟಿಕೆಟ್ ಇದ್ದರೂ ಕೆಲವು ಕಡೆ ಈ ತಾಪತ್ರಯ ಇದ್ದೇ ಇದೆ. ಅಮೆರಿಕದ ಮೂಲಕ ಬೇರೆ ದೇಶಕ್ಕೆ ಹೋಗುವವರೂ ಸಾಮಾನ್ಯವಾಗಿ ಅಲ್ಲಿ ಇಮಿಗ್ರೇಷನ್ ದಾಟಲೇಬೇಕು, ಅದಕ್ಕೆ ವೀಸಾ ಅಥವಾ ಎಸ್ಟಾ (ವೀಸಾ ಬೇಡದ ಕೆಲವು ದೇಶಗಳವರು ಆನ್‌ಲೈನ್‌ನಲ್ಲಿ ತಗೊಳ್ಳುವ) ಅನುಮತಿ ಬೇಕು. ಷೆಂಗೆನ್ ದೇಶಗಳಲ್ಲಿ (ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಗುಂಪು) ವಿಮಾನದಿಂದ ಇಳಿದು ಹೊರಗೆ ಹೋಗದೆ ಇನ್ನೊಂದನ್ನು ಹತ್ತುವುದಕ್ಕೂ ಕೆಲವು ದೇಶಗಳ ಪಾಸ್‌ಪೋರ್ಟ್‌ಗೆ ಟ್ರಾನ್ಸಿಟ್ ವೀಸಾ ಕೇಳುತ್ತಾರೆ. ಟಿಕೆಟ್‌ಗೆ ದುಡ್ಡು ಕಟ್ಟುವ ಮೊದಲು ನಿಮ್ಮ ಪಾಸ್‌ಪೋರ್ಟ್‌ಗೆ ಏನು ನಿಯಮ ಅಂತ ನೋಡಿ. ಪಾಸ್‌ಪೋರ್ಟ್ ಅವಧಿಯನ್ನೂ ನೋಡಿ, ಹಲವು ದೇಶಗಳಿಗೆ ಇನ್ನೂ 6 ತಿಂಗಳು ಬಾಕಿ ಇರಬೇಕು.

ನಿದ್ದೆಗೇಡಿ:
ಟಿಕೆಟ್ ಬಗ್ಗೆ ಮಾಮ ಹೇಳಿದ್ದು ಸರಿ. ನನಗೆ ಭಯ ಆಗಿದ್ದು ಆ ಸೋಮವಾರ ಬೆಳಗ್ಗೆ 9 ಗಂಟೆ ನೋಡಿ. ಅಲ್ಲಿ 9 ಅಂದರೆ ನಿಮ್ಮ ಮೈಗೆ ನಡುರಾತ್ರಿ 1.

ಪೂರ್ವಕ್ಕೆ ಹೋಗುವುದು ಸಾಮಾನ್ಯವಾಗಿ ಹೆಚ್ಚು ಕಷ್ಟ. ನಮ್ಮ ದೇಹದ ಗಡಿಯಾರ 24 ಗಂಟೆಗಿಂತ ಸ್ವಲ್ಪ ಉದ್ದ, ಅದಕ್ಕೆ ತಡವಾಗಿ ಮಲಗುವುದು ಸುಲಭ, ಬೇಗ ಮಲಗುವುದು ಕಷ್ಟ. ಹೆಚ್ಚುಕಮ್ಮಿ ಒಂದು ಗಂಟೆ ವ್ಯತ್ಯಾಸಕ್ಕೆ ಒಂದು ದಿನ ಬೇಕು ಅಂತಾರೆ. 8 ಗಂಟೆ ಅಂದರೆ ಮೊದಲ ವಾರ ಪೂರ್ತಿ ಮಬ್ಬು, ಅಲ್ವಾ?

ಎಲ್ಲರೂ "ಬೆಳಗ್ಗೆ ಎದ್ದು ಬಿಸಿಲಿಗೆ ಹೋಗು" ಅಂತಾರೆ. ನಿಮ್ಮ ವಿಷಯದಲ್ಲಿ ಮೊದಲೆರಡು ದಿನ ಅದು ಉಲ್ಟಾ ಹೊಡೆಯಬಹುದು. ನಾವು ರೂಢಿಯಂತೆ ಏಳುವುದಕ್ಕೆ ಸುಮಾರು 2-3 ಗಂಟೆ ಮೊದಲು ಮೈ ಅತಿ ತಣ್ಣಗಿರುತ್ತದೆ. ಆ ಹೊತ್ತಿಗೆ ಮುಂಚೆ ಬೆಳಕು ಬಿದ್ದರೆ ದೇಹದ ಗಡಿಯಾರ ಹಿಂದಕ್ಕೆ ಹೋಗುತ್ತದೆ (ನಿದ್ದೆ ಇನ್ನೂ ತಡ), ಆಮೇಲೆ ಬಿದ್ದರೆ ಮುಂದಕ್ಕೆ (ನಿದ್ದೆ ಬೇಗ, ನಿಮಗೆ ಬೇಕಾದದ್ದು ಇದೇ). ನೀವು ಮನೆಯಲ್ಲಿ 7ಕ್ಕೆ ಏಳುವವರಾದರೆ ಆ ಹೊತ್ತು ನಸುಕಿನ 4-5. ಅಲ್ಲಿಯ ಲೆಕ್ಕದಲ್ಲಿ ಅದು ಮಧ್ಯಾಹ್ನ 12-1! ಹಾಗಾಗಿ ಬೆಳಗ್ಗೆ ತಂಪು ಕನ್ನಡಕ ಹಾಕಿಕೊಳ್ಳಿ, ಮಧ್ಯಾಹ್ನ ಬಿಸಿಲಿನಲ್ಲಿ ಓಡಾಡಿ. ಈ ಬಿಸಿಲಿನ ಓಡಾಟ ದಿನಾ ಒಂದೊಂದು ಗಂಟೆ ಬೇಗ ಶುರು ಮಾಡಿ. ಹೊರಡುವ ಕೆಲವು ದಿನ ಮೊದಲಿಂದಲೇ ಬೇಗ ಮಲಗಿ ಬೇಗ ಎದ್ದರೆ ಇನ್ನೂ ಒಳ್ಳೆಯದು. ಸಾಧ್ಯವಾದರೆ ಶುಕ್ರವಾರವೇ ತಲುಪಿ.

ಹಗುರ_ಚೀಲ:
ಇಷ್ಟೆಲ್ಲಾ ಲೆಕ್ಕ ಹಾಕಿಕೊಂಡು ಯಾರು ಓಡಾಡುತ್ತಾರೆ ಮಾರಾಯರೇ. ಇಪ್ಪತ್ತರ ವಯಸ್ಸಿನವರು ಹೇಗೋ ಎದ್ದು ಕ್ಲಾಸಿಗೆ ಹೋಗುತ್ತಾರೆ. ಎರಡು ದಿನ ಮೊದಲು ಹೋದರೆ ಹಾಸ್ಟೆಲ್ ರೂಮ್ ಕೊಡುತ್ತಾರಾ ಅಂತ ಮೊದಲು ಕೇಳಿ, ಎಷ್ಟೋ ಕಡೆ ಹಿಂದಿನ ದಿನವಷ್ಟೇ ಬಾಗಿಲು ತೆಗೆಯುವುದು.

ಕೈಚೀಲದ ಬಗ್ಗೆ ಯಾರೂ ಹೇಳಲಿಲ್ಲ. ಔಷಧಿ, ಒಂದು ಜೊತೆ ಬಟ್ಟೆ, ಪ್ರವೇಶ ಪತ್ರ, ಉಳಿಯುವ ಜಾಗದ ವಿಳಾಸ, ವಾಪಸ್ ಟಿಕೆಟ್ ಎಲ್ಲ ಜೊತೆಗೇ ಇರಲಿ, ಕಾಗದದಲ್ಲಿ. ಫೋನ್ ಸತ್ತಾಗಲೇ ಇಮಿಗ್ರೇಷನ್‌ನವರು ಕೇಳುವುದು. ಪವರ್ ಬ್ಯಾಂಕ್ ಚೆಕ್ ಇನ್ ಬ್ಯಾಗಿಗೆ ಹಾಕುವಂತಿಲ್ಲ, ಕೈಚೀಲದಲ್ಲೂ ಸಾಮಾನ್ಯವಾಗಿ 100 ವ್ಯಾಟ್ ಅವರ್‌ವರೆಗೆ ಮಾತ್ರ.

ಬ್ಯಾಗ್ ಬರದಿದ್ದರೆ ಏರ್‌ಪೋರ್ಟ್ ಬಿಡುವ ಮೊದಲೇ ಕೌಂಟರಿನಲ್ಲಿ ದೂರು ಬರೆಸಿ ನಂಬರ್ ತಗೊಳ್ಳಿ. 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಬ್ಯಾಗ್ ಹಾಳಾಗಿದ್ದರೆ ಸಿಕ್ಕ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಗೆ ಬಂದ 21 ದಿನದೊಳಗೆ ಲಿಖಿತವಾಗಿ ದೂರು ಕೊಡಬೇಕು. ಬಾಯಿಮಾತಿನ ಜಗಳ ಲೆಕ್ಕಕ್ಕೆ ಬರುವುದಿಲ್ಲ.

ಕಿಟಕಿ_ಸೀಟು:
ಎಲ್ಲರಿಗೂ ಥ್ಯಾಂಕ್ಸ್. ಹಾಸ್ಟೆಲ್‌ಗೆ ಮೇಲ್ ಮಾಡಿದೆ, ಶನಿವಾರದಿಂದ ರೂಮ್ ಕೊಡುತ್ತಾರಂತೆ. ಒಂದೇ ಟಿಕೆಟ್ ಹುಡುಕಿದೆ, ಸಿಕ್ಕಿತು. ಆದರೆ ಮಧ್ಯದಲ್ಲಿ 1 ಗಂಟೆ 10 ನಿಮಿಷ ಮಾತ್ರ ತೋರಿಸುತ್ತಿದೆ. ಅಷ್ಟು ಸಾಕಾ?

ಟ್ರಾನ್ಸಿಟ್_ಮಾಮ:
ಪ್ರತಿ ಏರ್‌ಪೋರ್ಟಿಗೂ ವಿಮಾನ ಬದಲಿಸಲು ಇಷ್ಟು ಕನಿಷ್ಠ ಸಮಯ ಬೇಕು ಅಂತ ನಿಗದಿ ಇರುತ್ತದೆ, ಮಧ್ಯದಲ್ಲಿ ಅದಕ್ಕಿಂತ ಕಮ್ಮಿ ಸಮಯ ಇದ್ದರೆ ಒಂದೇ ಟಿಕೆಟ್ ಆಗಿ ಮಾರುವುದಿಲ್ಲ. ಅಂದರೆ ಓಡಿದರೆ ಸಿಗುತ್ತದೆ, ಅಷ್ಟೇ. ಟರ್ಮಿನಲ್ ಬದಲಾಗುತ್ತದಾ ನೋಡಿ. ಅದಕ್ಕಿಂತ ಮುಖ್ಯವಾಗಿ, ಅದು ತಪ್ಪಿದರೆ ಅದೇ ದಿನ ಇನ್ನೊಂದು ವಿಮಾನ ಇದೆಯಾ ನೋಡಿ. ಇದ್ದರೆ ಧೈರ್ಯವಾಗಿ ತಗೊಳ್ಳಿ. ದಿನದ ಕೊನೆಯ ವಿಮಾನ ಅದೇ ಆಗಿದ್ದರೆ 3-4 ಗಂಟೆ ಬಿಡುವು ಇರುವುದನ್ನು ಹುಡುಕಿ, ಸ್ವಲ್ಪ ದುಡ್ಡು ಜಾಸ್ತಿ ಆದರೂ ಪರವಾಗಿಲ್ಲ.