ಶಾಲೆಯ ಹಳೆಯ ಜನರಲ್ ರಿಜಿಸ್ಟರ್: ಲ್ಯಾಮಿನೇಷನ್ ಮಾಡಿಸಬಹುದೇ?

ಪ್ರಶ್ನೆ:
ಧಾರವಾಡ ಜಿಲ್ಲೆಯ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ಮುಂಬೈ ಪ್ರಾಂತ್ಯದ ಕಾಲದ, ಮಕ್ಕಳ ದಾಖಲಾತಿ ಬರೆದಿಟ್ಟ ಜನರಲ್ ರಿಜಿಸ್ಟರ್‌ಗಳಿವೆ. ಅಂಚು ಉದುರುತ್ತಿದೆ, ಎರಡು ವಹಿಗೆ ಗೆದ್ದಲು ಹತ್ತಿದೆ. ಎಸ್‌ಡಿಎಂಸಿಯವರು (ಶಾಲೆಯ ಮೇಲುಸ್ತುವಾರಿ ಸಮಿತಿ) ಲ್ಯಾಮಿನೇಷನ್ ಅಂತಿದ್ದಾರೆ. ಕೆಲವು ಷರಾ (ಟಿಪ್ಪಣಿ) ಓದಲೂ ಬರುತ್ತಿಲ್ಲ.

ಉತ್ತರ 1:
ಲ್ಯಾಮಿನೇಷನ್ ದಯವಿಟ್ಟು ಬೇಡ ರೀ. ಬಿಸಿಗೆ ಕರಗಿದ ಪ್ಲಾಸ್ಟಿಕ್ ಹಾಳೆಗೆ ಕೂತರೆ ಬಿಡಿಸಲಾಗದು, ಕಾಗದದ ಆಮ್ಲವೂ ಒಳಗೇ ಉಳಿಯುತ್ತದೆ. ಸೆಲ್ಲೋಟೇಪಿನ ಅಂಟು ಹಳದಿಯಾಗಿ ಅಕ್ಷರಕ್ಕೆ ಹರಡುತ್ತದೆ.

ಗೆದ್ದಲು ಹತ್ತಿದ ವಹಿಗಳನ್ನು ಇವತ್ತೇ ಬೇರೆ ಇಡಿ. ನೆರಳಲ್ಲಿ ಗಾಳಿಗಿಟ್ಟು, ಮೆತ್ತನೆಯ ಬ್ರಷ್ಷಿನಿಂದ ಹಾಳೆಯ ನಡುವಿನಿಂದ ಅಂಚಿನ ಕಡೆ ಮಣ್ಣು ಸರಿಸಿ. ಬಿಸಿಲಿಗೆ ಮಸಿ ಮಾಸುತ್ತದೆ, ಒದ್ದೆ ಬಟ್ಟೆಗೆ ಕದಡುತ್ತದೆ.

ಆಮೇಲೆ ಫೋಟೊ. ಫ್ಲ್ಯಾಶ್ ಬೇಡ, ಕಿಟಕಿಯ ಬೆಳಕು ಸಾಕು; ಕ್ಯಾಮೆರಾ ನೇರ ಮೇಲಿಂದ ಇರಲಿ. ವಹಿಯನ್ನು ಪೂರ್ತಿ ಬಿಚ್ಚಿ ಒತ್ತಿದರೆ ಬೆನ್ನಿನ ಹೊಲಿಗೆ ಹರಿಯುತ್ತದೆ, ಎರಡೂ ಬದಿ ದಿಂಬು ಕೊಡಿ. ಖಾಲಿ ಪುಟವನ್ನೂ ಬಿಡಬೇಡಿ: ಪುಟ ಕಳೆದಿತ್ತೋ ಖಾಲಿಯಿತ್ತೋ ಎಂಬ ಗೊಂದಲ ಮುಂದೆ ಬರುತ್ತದೆ. 3 ಪ್ರತಿ ಮಾಡಿ, ಒಂದು ಶಾಲೆಯ ಹೊರಗಿರಲಿ.

ಉತ್ತರ 2:
ಮೇಲೊಂದು ಉದ್ದ ಗೆರೆ ಎಳೆದು, ಅಕ್ಷರಗಳನ್ನು ಅದಕ್ಕೆ ತೂಗುಹಾಕಿದಂತೆ ಕೂಡಿಸಿ ಬರೆದಿದ್ದರೆ, ಹಿಂದೆ ಮರಾಠಿ ಬರೆಯುತ್ತಿದ್ದ ಮೋಡಿ ಲಿಪಿ ಇರಬಹುದು. ಮರಾಠಿ ಬಲ್ಲವರಿಗೂ ಕಲಿಯದೆ ಬರದು. ಸಾಲುಸಾಲಾಗಿ ಜೂನ್ 1 ಜನ್ಮದಿನಾಂಕ ಕಂಡರೆ ತಪ್ಪು ಓದಿದೆವೆಂದುಕೊಳ್ಳಬೇಡಿ. ಹುಟ್ಟಿದ ದಿನ ಗೊತ್ತಿಲ್ಲದವರಿಗೆ ಮಾಸ್ತರರು ಹಾಕುತ್ತಿದ್ದ ತಾರೀಕು ಅದು. ತಿದ್ದಲೂ ಹೋಗಬೇಡಿ.

'ಮುಲ್ಕಿ' ಎಂದಿರುವ ಹೆಸರುಗಳನ್ನು ಬೇರೆ ಪಟ್ಟಿ ಮಾಡಿ. ಏಳನೆಯ ಇಯತ್ತೆಯ (ತರಗತಿಯ) ಆ ಪರೀಕ್ಷೆ ಪಾಸಾದವರು ಕನ್ನಡ ಶಾಲೆಯ ಮಾಸ್ತರಿಕೆಗೆ ಹೋಗಬಹುದಿತ್ತು. ಈ ಶಾಲೆ ಸುತ್ತಲ ಹಳ್ಳಿಗಳಿಗೆ ಎಷ್ಟು ಮಾಸ್ತರರನ್ನು ಕೊಟ್ಟಿತೆಂದು ಹುಡುಕಲು ಅದೇ ಮೊದಲ ಎಳೆ. ಶಾಲೆಯ ಶತಮಾನೋತ್ಸವಕ್ಕೆ ಕಟ್ಟುವ ಕಮಾನಿಗಿಂತ ನನಗೆ ಈ ಪಟ್ಟಿಯೇ ದೊಡ್ಡದು. ಆದರೆ ಜಾತಿಯ ಕಾಲಂ ಇರುವ ಪುಟಗಳನ್ನು ವಾಟ್ಸಾಪ್‌ಗೆ ಹಾಕಬೇಡಿ.

ಉತ್ತರ 3:
ಕಪಾಟು ಗೋಡೆಗೆ ತಾಗಿದ್ದರೆ ಒಂದು ಗೇಣು ಮುಂದೆ ಎಳೆಯಿರಿ. ಸುಣ್ಣದ ಗಾರೆಯ ಹಳೆಯ ಗೋಡೆಗೆ ಸಿಮೆಂಟ್ ಗಿಲಾವು ಮಾಡಿದ್ದರೆ ನೆಲದ ತೇವ ಹೊರಬರಲಾರದೆ ಮೇಲೇರುತ್ತದೆ, ಗೆದ್ದಲಿಗೆ ಬೇಕಾದ್ದೂ ಅದೇ. ಆ ಸಿಮೆಂಟ್ ಗಿಲಾವನ್ನು ಕೆತ್ತಿಸಿ, 1 ಪಾಲು ಹದವಾದ ಸುಣ್ಣಕ್ಕೆ 3 ಪಾಲು ಮರಳಿನ ಗಾರೆ ಹಚ್ಚಿಸಿ.

ಪ್ರಶ್ನೆ ಕೇಳಿದವರು:
ವಹಿಯೊಳಗೆ ಬೇವಿನ ಎಲೆ ಇಡಬಹುದೇ?

ಉತ್ತರ 1:
ಪುಟಗಳ ನಡುವೆ ಬೇಡ, ಹಸಿ ಎಲೆ ತೇವ ಬಿಟ್ಟು ಕಲೆ ಮಾಡುತ್ತದೆ. ಒಣಗಿಸಿ ಚೀಲದಲ್ಲಿ ಕಪಾಟಿನ ಮೂಲೆಗಿಡಿ. ವಹಿಯನ್ನು ಗಂಜಿ ಹೋಗುವಂತೆ ಒಗೆದ ಹತ್ತಿ ಬಟ್ಟೆಯಲ್ಲಿ ಸುತ್ತಿ. ಗಂಜಿ ಉಳಿದರೆ ಹುಳು ಬರುತ್ತದೆ.