ಅಪ್‌ಡೇಟ್: ದ್ರಾಕ್ಷಿ ಎಲೆಯ ಹಳದಿ ಕಲೆ ಡೌನಿ ಎಂಬ ಬೂಜು ರೋಗವೇ

ಎಲೆ ಮೇಲೆ ಎಣ್ಣೆ ಸವರಿದಂತೆ ಹಳದಿ ಕಲೆ ಬಿದ್ದಿದೆ, ಗಂಧಕ ಹೊಡೆದರೂ ಕಡಿಮೆಯಾಗ್ತಿಲ್ಲ ಅಂತ ಕೇಳಿದ್ದೆ. ನೀವು ಹೇಳಿದ ಹಾಗೆ ಕಲೆಯಿದ್ದ ಎರಡು ಎಲೆ ಕಿತ್ತು, ಒದ್ದೆ ಕಾಗದದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ರಾತ್ರಿಯಿಡೀ ಇಟ್ಟೆ. ಬೆಳಗ್ಗೆ ತಿರುವಿ ನೋಡಿದರೆ, ಸರಿಯಾಗಿ ಕಲೆಯ ಕೆಳಗೇ ಹತ್ತಿಯಂಥ ಬಿಳಿ ಬೂಜು! ಡೌನಿಯೇ. ನಾನು ಬೂದಿ ರೋಗದ ಮದ್ದಾದ ಗಂಧಕ ಹೊಡೀತಾ ಕೂತಿದ್ದೆ, ಪೆದ್ದುತನ.

ಇದನ್ನು ತರುವ ಪ್ಲಾಸ್ಮೊಪಾರಾ ವಿಟಿಕೋಲಾ ನಿಜವಾದ ಶಿಲೀಂಧ್ರವೇ ಅಲ್ಲವಂತೆ, ಊಮೈಸೀಟ್ (ಶಿಲೀಂಧ್ರದಂತೆ ಕಾಣುವ ಬೇರೆ ಗುಂಪಿನ ಜೀವಿ). ಅದರ ಬೀಜಕಗಳು ಎಲೆ ಮೇಲಿನ ನೀರಲ್ಲಿ ಈಜಿ, ಪತ್ರರಂಧ್ರದಿಂದ ಒಳಗೆ ನುಗ್ಗುತ್ತವೆ. ತಾಮ್ರದ ಮದ್ದು ಅದಕ್ಕೂ ಮೊದಲೇ ಎಲೆ ಮೇಲಿದ್ದರೆ ಮಾತ್ರ ತಡೆ.

ರೋಗದ ಎಲೆ ತೆಗೆದು, ಒತ್ತಾದ ಚಿಗುರು ಬಿಡಿಸಿ, ಬೋರ್ಡೋ (ಮೈಲುತುತ್ತ, ಸುಣ್ಣ ಬೆರೆಸಿದ ತಾಮ್ರದ ಮದ್ದು) ಹೊಡೆದಿದ್ದೇನೆ. ಹೊಸ ಎಲೆ ಸದ್ಯಕ್ಕೆ ಸ್ವಚ್ಛ. ಕಂದಿದ ಗೊಂಚಲು ಮಾತ್ರ ಹೋದವು.