ಗೋಡು ಅಂತ ಜೇಡಿ ಸುರಿದು ಹೋದರಾ?

ತೋಟದ ಮನೆ, ಶಿರಸಿ:
ಈ ವರ್ಷ ಅಡಿಕೆ ತೋಟಕ್ಕೆ ಮಣ್ಣು ಹಾಕಿಸಬೇಕು. ಪಕ್ಕದೂರಿನ ಕೆರೆ ಹೂಳೆತ್ತುತ್ತಿದ್ದಾರೆ. ಟಿಪ್ಪರಿನವ 'ಗೋಡು ಮಣ್ಣು, ತೋಟಕ್ಕೆ ಬಂಗಾರ' ಅಂತ ಒಂದು ಲೋಡ್ ಸುರಿದು ಹೋದ. ಮೇಲೆ ಕಪ್ಪಗೆ, ಪುಡಿಪುಡಿ. ಒಳಗೆ ಬರೀ ಬೂದು ಬಣ್ಣದ ಹೆಂಟೆ, ಗುದ್ದಲಿಗೆ ಮೆತ್ತಿಕೊಂಡರೆ ಬಿಡುವುದೇ ಇಲ್ಲ. ಅಪ್ಪಯ್ಯ ನೋಡಿ 'ಇದು ಜೇಡಿ' ಅಂದರು. ಟಿಪ್ಪರಿನವ 'ಕೆರೆಯಿಂದ ಬಂದದ್ದೆಲ್ಲ ಗೋಡೇ' ಅಂತಾನೆ. ಉಳಿದ ಲೋಡ್ ತರಿಸಲಾ, ಬೇಡವಾ?

ಬೆಟ್ಟದಂಚು, ಸಿದ್ದಾಪುರ:
ಸದ್ಯ ಬೇಡ ಮಾರಾಯ್ರೇ. ಹರಿದು ಬಂದು ಕೆರೆಯಲ್ಲಿ ತಂಗಿದ್ದು ಗೋಡು. ಅದರಲ್ಲಿ ನುಣ್ಣನೆ ಮಣ್ಣು, ಕೊಳೆತ ಸೊಪ್ಪು, ಒಂದಿಷ್ಟು ಜೇಡಿ ಎಲ್ಲ ಇರುತ್ತದೆ. ಅದರ ಕೆಳಗಿನ ಅಂಟು ತಳವೇ ಬೇರೆ. ಜೆಸಿಬಿಯವ ಅದನ್ನೂ ಕಿತ್ತು ತುಂಬಿರಬೇಕು. ಆ ತಳ ಹೋದರೆ ಕೆರೆಯಲ್ಲೂ ನೀರು ನಿಲ್ಲುವುದಿಲ್ಲ. ಅದನ್ನು ಯಾರಿಗೆ ಹೇಳೋಣ!

ಜೇಡಿಯ ಕಣ 0.002 ಮಿಲಿಮೀಟರಿಗಿಂತ ಸಣ್ಣದು. ನೀರು ಬೇಗ ಬಸಿಯುವುದಿಲ್ಲ. ಅಡಿಕೆ ಬುಡಕ್ಕೆ ದಪ್ಪಗೆ ಹಾಕಿದರೆ ನಮ್ಮ ಮಳೆಗೆ ನೀರು ನಿಂತು ಬೇರು ಕೊಳೆಯುತ್ತದೆ.

ಚೂರು ಒದ್ದೆ ಮಾಡಿ ಬೆರಳಲ್ಲಿ ತಿಕ್ಕಿ ನೋಡಿ. ಗೋಡು ಹಿಟ್ಟಿನ ಹಾಗೆ ನುಣ್ಣಗೆ, ಉದ್ದಕ್ಕೆ ಹೊಸೆದರೆ ಮುರಿಯುತ್ತದೆ. ಜೇಡಿ ಅಂಟುತ್ತದೆ, ದಾರದಷ್ಟು ತೆಳ್ಳಗೆ ಹೊಸೆದರೂ ತುಂಡಾಗುವುದಿಲ್ಲ. ಇನ್ನೂ ಅನುಮಾನ ಇದ್ದರೆ ಗಾಜಿನ ಬಾಟಲಿಯಲ್ಲಿ ನೀರು ಹಾಕಿ ಕುಲುಕಿ ಇಡಿ. ಮರಳು ನಿಮಿಷದೊಳಗೆ ತಳ ಸೇರುತ್ತದೆ, ನುಣ್ಣನೆ ಮಣ್ಣು ಒಂದೆರಡು ಗಂಟೆಯಲ್ಲಿ. ಮರುದಿನವೂ ನೀರು ರಾಡಿಯಾಗಿದ್ದರೆ ಜೇಡಿ ಜಾಸ್ತಿ ಅಂತಲೇ ಲೆಕ್ಕ.

ಗಜನಿ ಗದ್ದೆ, ಕುಮಟಾ:
ನಮ್ಮಲ್ಲಿ ಅಘನಾಶಿನಿ ಹೊಳೆ ಮಳೆಗಾಲದಲ್ಲಿ ಹೊತ್ತು ತರುವ ಗೋಡೇ ಗಜನಿಗೆ, ಅಂದರೆ ಹೊಳೆ ಸಮುದ್ರ ಸೇರುವಲ್ಲಿನ ಉಪ್ಪು ನೀರಿನ ಗದ್ದೆಗೆ, ಗೊಬ್ಬರ. ಕಗ್ಗ ಭತ್ತಕ್ಕೆ ಬೇರೇನೂ ಹಾಕುವುದಿಲ್ಲ. ಆದರೆ ಕಗ್ಗ ನೀರಲ್ಲಿ ನಿಂತು ಬೆಳೆಯುವ ಭತ್ತ, ಅಡಿಕೆ ಹಾಗಲ್ಲ. ಜೇಡಿ ಸಿಕ್ಕರೆ ಕುಂಬಾರರಿಗೆ ಕೊಡಿ. ಅವರೂ ಬರೀ ಜೇಡಿಯಲ್ಲಿ ಗಡಿಗೆ ಮಾಡುವುದಿಲ್ಲ, ಸೀಳು ಬಿಡುತ್ತದೆ ಅಂತ ಮರಳು ಬೆರೆಸುತ್ತಾರೆ.

ತೋಟದ ಮನೆ, ಶಿರಸಿ:
ಹೊಸೆದು ನೋಡಿದೆ, ಸಲೀಸಾಗಿ ದಾರ ಬಂತು. ಟಿಪ್ಪರಿನವನಿಗೆ ಬೇಡ ಅಂದಿದ್ದೇನೆ. ಸುರಿದದ್ದನ್ನು ಈಗ ಏನು ಮಾಡಲಿ?

ಬೆಟ್ಟದಂಚು, ಸಿದ್ದಾಪುರ:
ಮೇಲಿನ ಕಪ್ಪು ಪುಡಿ ಬೇರೆ ಮಾಡಿ ಗೊಬ್ಬರ ಗುಂಡಿಗೆ ಹಾಕಿ. ಹೆಂಟೆ ಕೃಷಿ ಹೊಂಡದ ತಳಕ್ಕೆ ಹಾಕಿ, ನೀರು ಚಿಮುಕಿಸಿ ಗಟ್ಟಿಯಾಗಿ ಬಡಿಸಿ. ಹೊಂಡ ಇಲ್ಲದಿದ್ದರೆ ನನಗೆ ಹೇಳಿ, ನಮ್ಮದು ಸೋರುತ್ತಿದೆ.